ಮುಟ್ಟಿದರೆ ಮತ್ತೊಮ್ಮೆ

ಜನರನ್ನು ತಲೆಕೆಳಗು ಮಾಡಿ ನೀರಿನಲ್ಲಿ ಮುಳುಗಿಸಿ ಅದಕ್ಕೆ ಸಂಬಳ ತೆಗೆದುಕೊಳ್ಳುವವರು ಲೋಕದಲ್ಲಿ ಬಹಳ ಮಂದಿ ಇರಲಾರರು. ಇದ್ದ ಕೆಲವರಲ್ಲಿ ಒಬ್ಬರು ಮುಳುಗು ಮೇಷ್ಟ್ರು. ಹೆಸರಿಟ್ಟವರು ಅವರ ಕೈಯಲ್ಲಿ ಮುಳುಗಿ ಎದ್ದವರೇ. ಎದ್ದವರಿಗೆ ಕೃತಜ್ಞತೆಗಿಂತ ಮೂಗಿಗೆ ನುಗ್ಗಿದ ನೀರಿನ ಉರಿ ದೊಡ್ಡದು. ಆ ಉರಿಯಲ್ಲಿ ಇಟ್ಟ ಹೆಸರು ಹಾಗೇ ಅಂಟಿಕೊಂಡಿತು, ಮೇಷ್ಟ್ರಿಗೂ ಅದರ ಬಗ್ಗೆ ಬೇಸರವೇನೂ ಇರಲಿಲ್ಲ.

ಸಮುದ್ರದ ನಡುವೆ ಕಬ್ಬಿಣದ ಕಾಲೂರಿ ನಿಂತು ತಳದಿಂದ ಎಣ್ಣೆ ಎತ್ತುವ ರಿಗ್‌ಗಳಿಗೆ ಕೆಲಸದವರು ಹೋಗುವುದು ಹೆಲಿಕಾಪ್ಟರಿನಲ್ಲಿ. ಹೆಲಿಕಾಪ್ಟರು ಆಕಾಶದಲ್ಲಿರುವಷ್ಟು ಹೊತ್ತು ಚೆಂದ. ನೀರಿಗೆ ಬಿತ್ತೋ, ಇಂಜಿನ್ನು, ರೆಕ್ಕೆ, ಗೇರಿನ ಪೆಟ್ಟಿಗೆ ಎಲ್ಲ ಭಾರವೂ ಅದರ ನೆತ್ತಿಯ ಮೇಲೇ ಇರುವುದರಿಂದ ಒಂದು ದೊಡ್ಡ ಅಲೆ ಸಾಕು, ಮಗುಚಿಕೊಳ್ಳುತ್ತದೆ. ಒಳಗಿದ್ದವರು ಸೀಟಿಗೆ ಬಿಗಿದುಕೊಂಡೇ ತಲೆಕೆಳಗು. ಮೇಲೆ ಯಾವುದು ಕೆಳಗೆ ಯಾವುದು ಎಂದು ಗೊತ್ತಾಗುವ ಮೊದಲೇ ಉಸಿರು ಮುಗಿದಿರುತ್ತದೆ. ಇದನ್ನು ನಿಜವಾದ ಸಮುದ್ರದಲ್ಲಿ ಮೊದಲ ಸಲ ಕಲಿಯುವುದಕ್ಕಾಗುವುದಿಲ್ಲವಲ್ಲ. ಅದಕ್ಕೇ ಒಂದು ಕೊಳ, ಕೊಳದ ಮೇಲೆ ಸರಪಳಿಯಲ್ಲಿ ತೂಗುವ ಕಬ್ಬಿಣದ ಗೂಡು. ಅದರಲ್ಲಿ ಹೆಲಿಕಾಪ್ಟರಿನಂತೆಯೇ ಸೀಟು, ಬೆಲ್ಟು, ತಳ್ಳಿದರೆ ಕಳಚಿ ಬೀಳುವ ಕಿಟಕಿ. ಎಲ್ಲರೂ ಅದನ್ನು ಕರೆಯುತ್ತಿದ್ದುದು ಡಬ್ಬ ಎಂದು. ಡಬ್ಬದೊಳಗೆ ಜನರನ್ನು ಕೂರಿಸಿ, ನೀರಿಗಿಳಿಸಿ, ಗಿರ್ರನೆ ಮಗುಚಿಬಿಡುತ್ತಿದ್ದರು. ಕಿಟಕಿಯ ಹೊರಗೆ, ನೀರಿನೊಳಗೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮೇಷ್ಟ್ರು ಕಾದಿರುತ್ತಿದ್ದರು.

ಒಂದು ಕೈ ಕಿಟಕಿಯ ಚೌಕಟ್ಟಿಗೆ, ಒಂದು ಕೈ ಬೆಲ್ಟಿಗೆ. ನೀರಿನ ನೂಕಾಟ ನಿಲ್ಲುವವರೆಗೆ ಅಲುಗಬಾರದು. ಆಮೇಲೆ ಕಿಟಕಿ ತಳ್ಳು, ಚೌಕಟ್ಟು ಬಿಗಿಯಾಗಿ ಹಿಡಿ, ಬೆಲ್ಟ್ ಬಿಚ್ಚು, ಹಿಡಿದ ಕೈಯ ಕಡೆಗೇ ಮೈಯನ್ನು ಎಳೆದುಕೋ. ಇಷ್ಟೇ ಪಾಠ. ಕೂತು ಕೇಳಿದವರೆಲ್ಲ ಇದೇನು ಮಹಾ ಎನ್ನುತ್ತಿದ್ದರು. ಮುಳುಗಿದ ಮೇಲೆ ಅರ್ಧ ಜನಕ್ಕೆ ತಮಗೆ ಕೈಗಳಿವೆ ಎಂಬುದೇ ಮರೆತುಹೋಗುತ್ತಿತ್ತು. ಅಂಥವರನ್ನು ಮೇಷ್ಟ್ರು ಕೈ ಹಾಕಿ ಎಳೆದು ಹೊರಗೆ ತರುತ್ತಿದ್ದರು. ಆದರೆ ಎಳೆದದ್ದು ಲೆಕ್ಕಕ್ಕಿಲ್ಲ. "ಮುಟ್ಟಿದರೆ ಮತ್ತೊಮ್ಮೆ" ಎನ್ನುವುದು ಆ ಕೊಳದ ಕಾನೂನು. ಮೇಷ್ಟ್ರ ಕೈ ತಾಗಿತೆಂದರೆ ಆ ಸರದಿ ಬಿದ್ದುಹೋಯಿತು, ಮತ್ತೆ ಮುಳುಗಬೇಕು. ತಾನಾಗಿ ಹೊರಗೆ ಬರದವನು ಹೆಲಿಕಾಪ್ಟರ್ ಹತ್ತುವಂತಿಲ್ಲ, ಹೆಲಿಕಾಪ್ಟರ್ ಹತ್ತದವನಿಗೆ ರಿಗ್‌ನಲ್ಲಿ ಕೆಲಸವಿಲ್ಲ. ಈ ಕಾನೂನು ಮಾಡಿದವರೂ ಮೇಷ್ಟ್ರೇ. ದೊಡ್ಡ ಮನುಷ್ಯರು ಬಂದು ಬೇಡಿದರೂ ಅವರು ಜಪ್ಪಯ್ಯ ಎಂದಿರಲಿಲ್ಲ. ಒಬ್ಬರ ವಿಷಯದಲ್ಲಿ ಮಾತ್ರ ಮುರಿದರು, ಆ ಒಬ್ಬರು ಅವರ ಭಾವ.

ಭಾವ ಎಂದರೆ ಬರೀ ಅಕ್ಕನ ಗಂಡನಲ್ಲ. ತಾಯಿ ಹೋದಾಗ ಮೇಷ್ಟ್ರು ಇನ್ನೂ ಚಡ್ಡಿ ಏರಿಸಿಕೊಳ್ಳಲು ಬಾರದ ಹುಡುಗ. ಅಕ್ಕ ಮದುವೆಯಾಗಿ ಹೊರಟಾಗ ಅವಳ ಸೆರಗು ಹಿಡಿದುಕೊಂಡೇ ಹೊರಟಿದ್ದರು. ಹೆಂಡತಿಯ ಜೊತೆ ಪೆಟ್ಟಿಗೆಯೊಂದು ಬರುತ್ತದೆ ಎಂದುಕೊಂಡಿದ್ದ ಮನುಷ್ಯನ ಮನೆಗೆ ಪೆಟ್ಟಿಗೆಯ ಬದಲು ತಮ್ಮನೊಬ್ಬ ಬಂದ. ಬೇರೆಯವರಾಗಿದ್ದರೆ ಮುಖ ಗಂಟಿಕ್ಕುತ್ತಿದ್ದರು. ಭಾವ ಹುಡುಗನನ್ನು ತಮ್ಮ ಬೇಕರಿಯ ಹಿಟ್ಟಿನ ಮೂಟೆಯ ಮೇಲೆ ಕೂರಿಸಿ, ಬಿಸಿ ಬ್ರೆಡ್ಡಿನ ತುದಿ ಮುರಿದು ಕೊಟ್ಟು, ಇನ್ನು ಮೇಲೆ ತುದಿಯೆಲ್ಲ ನಿಂದೇ ಎಂದರಂತೆ. ಮಕ್ಕಳಾಗದ ಆ ಮನೆಯಲ್ಲಿ ತುದಿಯ ಹಕ್ಕು ಕೊನೆಯವರೆಗೂ ಮೇಷ್ಟ್ರದೇ ಆಗಿತ್ತು. ಓದಿಸಿದವರು ಭಾವ, ಜ್ವರ ಬಂದರೆ ಹೊತ್ತುಕೊಂಡು ಆಸ್ಪತ್ರೆಗೆ ಓಡಿದವರು ಭಾವ, ಸಮುದ್ರದೊಳಗೆ ಪೈಪು ಬೆಸೆಯುವ ಕೆಲಸಕ್ಕೆ ಸೇರುತ್ತೇನೆಂದಾಗ ಊಟ ಬಿಟ್ಟು ಕೂತವರೂ ಭಾವ. ಭಾವನಿಗೆ ನೀರೆಂದರೆ ಅಷ್ಟು ಭಯ. ತಲೆಗೆ ನೀರು ಹಾಕಿಕೊಳ್ಳುವಾಗಲೂ ಬಚ್ಚಲಿನ ಬಾಗಿಲು ತೆರೆದಿರಬೇಕು. ಅಕ್ಕ ಅದನ್ನು ಹೇಳಿಕೊಂಡು ನಗುತ್ತಿದ್ದಳು.

ಮುಂದೆ ಕಿವಿಯ ತಮಟೆ ಹರಿದು ಆಳಕ್ಕಿಳಿಯುವ ಹಾಗಿಲ್ಲ ಎಂದಾದಾಗ ಮೇಷ್ಟ್ರು ಕೊಳಕ್ಕೆ ಬಂದು ಸೇರಿದರು. ಅದೇ ಕಾಲಕ್ಕೆ ಭಾವನ ಬೇಕರಿ ಮುಚ್ಚಿತು. ಐವತ್ತರ ಹತ್ತಿರದ ಮನುಷ್ಯನಿಗೆ ಹೊಸ ಕೆಲಸ ಯಾರು ಕೊಡುತ್ತಾರೆ? ಕೊನೆಗೆ ಸಿಕ್ಕಿದ್ದು ರಿಗ್‌ನ ಅಡುಗೆಮನೆ. ಕೈ ನೋಡಿಯೇ ಹಿಟ್ಟು ಬಲ್ಲವರು ಎಂದು ಗೊತ್ತಾಗಿ ತಕ್ಷಣ ಒಪ್ಪಿಕೊಂಡರು. ಒಂದೇ ಷರತ್ತು, ಕೊಳದಲ್ಲಿ ಪಾಸಾಗಿ ಬರಬೇಕು.

ಮೊದಲ ದಿನ ಭಾವ ಡಬ್ಬದಲ್ಲಿ ಕೂತಾಗ ಅವರ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಮಗುಚಿದ ಮೇಲೆ ಕಿಟಕಿಯನ್ನು ಮಾತ್ರ ಸರಿಯಾಗಿ ತಳ್ಳಿದರು. ಅಲ್ಲಿಗೆ ಮುಗಿಯಿತು. ಬೆಲ್ಟಿನ ಮೇಲಿಟ್ಟ ಕೈ ಕಲ್ಲಾಗಿಬಿಟ್ಟಿತು. ಮೇಷ್ಟ್ರು ಎಳೆದರು. ಮತ್ತೊಮ್ಮೆ ಮುಳುಗಿಸಿದರು, ಮತ್ತೆ ಎಳೆದರು. ಸಂಜೆಯವರೆಗೂ ಹೀಗೇ ಆಯಿತು. ಕೊನೆಗೆ ಭಾವ ಕೊಳದ ಅಂಚಿನಲ್ಲಿ ಕೂತು, ಅಡುಗೆಯವನಿಗೆ ಯಾಕಯ್ಯಾ ಈ ಸರ್ಕಸ್ಸು ಎಂದು ನಗಲು ನೋಡಿದರು, ನಗು ಬರಲಿಲ್ಲ. ನಾಳೆ ಇನ್ನೊಂದು ಅವಕಾಶವಿತ್ತು, ಅದೇ ಕೊನೆಯದು.

ಆ ಸಂಜೆ ಅಕ್ಕ ತಮ್ಮನ ಮನೆಗೆ ಬಂದಳು. ಮದುವೆ ಮಕ್ಕಳು ಎಂದು ಹೋಗದ ತಮ್ಮನದು ಎರಡು ಕೋಣೆಯ ಮನೆ, ಅಕ್ಕನ ಮನೆಯ ಹಿಂದಿನ ಬೀದಿ. ಅವಳು ಕೂರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ, ಬೇಕರಿ ಮುಚ್ಚಿದಾಗಿನಿಂದ ಅವರು ಸರಿಯಾಗಿ ಮಾತಾಡುತ್ತಿಲ್ಲವೆಂದೂ, ಈ ಕೆಲಸದ ಸುದ್ದಿ ಬಂದ ದಿನ ಶಿಳ್ಳೆ ಹೊಡೆದುಕೊಂಡು ಗಡ್ಡ ಬೋಳಿಸಿಕೊಂಡರೆಂದೂ, ಇದೂ ಹೋದರೆ ಮನುಷ್ಯ ಉಳಿಯುವುದಿಲ್ಲವೆಂದೂ ಹೇಳಿದಳು. ಮೇಷ್ಟ್ರು ತಲೆ ತಗ್ಗಿಸಿ ಕೇಳಿದರು.

"ನಿನ್ನ ಹತ್ತಿರ ನಾನು ಯಾವತ್ತೂ ಏನೂ ಕೇಳಿಲ್ಲ," ಎಂದಳು ಅಕ್ಕ. "ಒಂದು ಚೂರು ಕೈ ಹಿಡಿದು ಆಚೆ ತಂದುಬಿಡು. ನೀರೊಳಗೆ ಯಾರು ನೋಡ್ತಾರೆ?"

ಯಾರೂ ನೋಡುವುದಿಲ್ಲ, ನಿಜ. ಡಬ್ಬ ಮಗುಚಿದ ಕೂಡಲೇ ಗಾಳಿಗುಳ್ಳೆಗಳು ಎದ್ದು ಎಲ್ಲವೂ ಬೆಳ್ಳಗಾಗುತ್ತದೆ. ಮರುದಿನ ಬೆಳಿಗ್ಗೆ ಆ ಬಿಳುಪಿನೊಳಗೆ ಭಾವನ ಬಲಗೈ ಕಿಟಕಿಯಿಂದ ಹೊರಗೆ ಬಂತು. ಮೇಷ್ಟ್ರು ಅದನ್ನು ಹಿಡಿದುಕೊಂಡರು. ಅಂಗೈಯನ್ನು ಒಮ್ಮೆ ಒತ್ತಿದರು. ಒತ್ತಿದ್ದೇ ತಡ, ಭಾವನ ಎಡಗೈಗೆ ಜೀವ ಬಂದು ಬೆಲ್ಟ್ ಬಿಚ್ಚಿತು, ಮೈ ಸಡಿಲವಾಗಿ ಹೊರಗೆ ಜಾರಿ ಬಂತು. ಮೇಲೆ ಬಂದಾಗ ಡಬ್ಬ ಇಳಿಸಿ ಎತ್ತುವ ಮೋಟಾರು ನಡೆಸುವವರು ಚಪ್ಪಾಳೆ ತಟ್ಟಿದರು. ಭಾವ ಪಾಸು.

ಅಂದು ರಾತ್ರಿ ಊಟಕ್ಕೆ ಕೂತಾಗ ಭಾವ ಬ್ರೆಡ್ಡಿನ ತುದಿಯನ್ನು ಮುರಿದು ಮೇಷ್ಟ್ರ ತಟ್ಟೆಗೆ ಹಾಕಿದರು. ಕೈಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಲ್ಲಿಂದ ಮುಂದೆಯೂ ಎತ್ತಲಿಲ್ಲ.

ರಿಗ್‌ನ ಜನ ಕೆಲವು ವರ್ಷಕ್ಕೊಮ್ಮೆ ಬಂದು ಮತ್ತೆ ಮುಳುಗಿ ಹೋಗಬೇಕು. ಭಾವ ಪ್ರತಿ ಸಲ ಬಂದರು, ಪ್ರತಿ ಸಲ ಮೇಷ್ಟ್ರೇ ಅವರ ಕಿಟಕಿಯ ಹೊರಗೆ ನಿಂತರು. ಮುಳುಗು, ಮಗುಚು, ಕಿಟಕಿ ತಳ್ಳು, ಕೈ ಹೊರಗೆ ಚಾಚು, ಅಂಗೈ ಒತ್ತುವುದನ್ನು ಕಾಯು, ಬೆಲ್ಟ್ ಬಿಚ್ಚು. ಇದು ಅವರಿಬ್ಬರ ನಡುವೆ ಮಾತಿಲ್ಲದೆ ಕೂಡಿಬಂದ ಬೇರೆಯೇ ಪಾಠವಾಗಿತ್ತು. ಭಾವನ ಮುಖದ ಮೇಲೆ ಈಗ ಹೆದರಿಕೆಯ ಗುರುತೂ ಇರುತ್ತಿರಲಿಲ್ಲ. ಬಸ್ಸಿಗೆ ಕಾಯುವವರಂತೆ ತಲೆಕೆಳಗಾಗಿ ನೆಮ್ಮದಿಯಿಂದ ಕೂತಿರುತ್ತಿದ್ದರು. ಹೊಸಬರಿಗೆ ಅವರನ್ನು ತೋರಿಸಿ, ಅಡುಗೆಯವರನ್ನು ನೋಡಿ ಕಲೀರಿ ಎಂದು ಹೇಳುವವರೂ ಹುಟ್ಟಿಕೊಂಡರು. ಭಾವನ ಭಯ ಹೋಯಿತು ಎಂದು ಮೇಷ್ಟ್ರು ನಂಬಿದರು. ಇಷ್ಟು ಸಲ ಮಾಡಿದ ಮೇಲೆ ನಿಜವಾಗಿ ಬೇಕಾದಾಗ ಕೈ ತಾನಾಗಿ ಕೆಲಸ ಮಾಡುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ನಂಬಬೇಕಾದ್ದನ್ನು ನಂಬುವುದಕ್ಕೆ ಮನುಷ್ಯನಿಗೆ ಯಾರೂ ಕಲಿಸಬೇಕಾಗಿಲ್ಲ.

ಆ ವರ್ಷ ಹೆಲಿಕಾಪ್ಟರು ವಿಪರೀತ ಅದುರುತ್ತದೆ ಎಂದು ಜನ ಮಾತಾಡಿಕೊಳ್ಳಲು ಶುರುಮಾಡಿದ್ದರು. ನನ್ನ ಹಿಟ್ಟು ಕಲಸೋ ಯಂತ್ರ ಇದಕ್ಕಿಂತ ಮೆತ್ತಗೆ ತಿರುಗುತ್ತೆ ಎಂದು ಭಾವ ರಜೆಗೆ ಬಂದಾಗ ನಕ್ಕರು. ಕೆಲಸದವರೆಲ್ಲ ಸೇರಿ ದೂರು ಕೊಟ್ಟರು. ಎರಡು ದಿನ ಹಾರಾಟ ನಿಲ್ಲಿಸಿ, ಯಾರೋ ಬಂದು ಟಾರ್ಚು ಹಿಡಿದು ನೋಡಿ, ಎಲ್ಲ ಸರಿಯಿದೆ ಎಂದು ಹೇಳಿ ಹೋದರು. ಹಾರಾಟ ಮತ್ತೆ ಶುರುವಾಯಿತು. ಮೇಷ್ಟ್ರು ಕೂಡ ಹೋಗಿ ಕೇಳಿದರು. ಮುಳುಗಿಸೋದು ನಿಮ್ಮ ಕೆಲಸ, ಹಾರಿಸೋದು ನಮ್ಮ ಕೆಲಸ ಎಂಬ ಉತ್ತರ ಬಂತು. ಒಂದು ದಿನ ಹಾರದಿದ್ದರೆ ಎಷ್ಟು ನಷ್ಟ ಎಂದು ಬಲ್ಲವರು ಅಲ್ಲಿ ತುಂಬ ಜನ ಇದ್ದರು. ಹಾರಿದರೆ ಏನು ನಷ್ಟ ಎಂದು ಗೊತ್ತಿದ್ದವರು ಸೀಟಿನಲ್ಲಿ ಕೂತು ಹಲ್ಲು ಕಚ್ಚಿಕೊಂಡಿದ್ದರು.

ಒಂದು ಬೆಳಿಗ್ಗೆ, ಹೊಳೆಯುವ ಬಿಸಿಲಿನಲ್ಲಿ, ನೆತ್ತಿಯ ಗೇರು ಮುರಿದು ಆ ಹೆಲಿಕಾಪ್ಟರು ಸಮುದ್ರಕ್ಕೆ ಇಳಿಯಿತು. ಇಳಿಸಿದವನು ಚೆನ್ನಾಗಿಯೇ ಇಳಿಸಿದ. ತೇಲಿಸಬೇಕಾದ ಗಾಳಿಚೀಲಗಳು ಒಂದು ಬದಿಯಲ್ಲಿ ಮಾತ್ರ ಉಬ್ಬಿದವು. ಅಲೆ ಬಂತು, ಮಗುಚಿತು. ಅರ್ಧ ಜನ ಬಂದರು, ಅರ್ಧ ಜನ ಬರಲಿಲ್ಲ. ಭಾವ ಬರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ ಆ ಮಾದರಿಯ ಹೆಲಿಕಾಪ್ಟರುಗಳನ್ನೆಲ್ಲ ಮರುದಿನ ಶೆಡ್ಡಿಗೆ ತಳ್ಳಿದರು. ವಿಚಾರಣೆ ನಡೆಯಿತು. ಗೇರಿನ ಬಗ್ಗೆ, ಗಾಳಿಚೀಲದ ಬಗ್ಗೆ ಪುಟಗಟ್ಟಲೆ ಬರೆದರು. ತಪ್ಪು ಅದರದೇ, ಅದನ್ನು ಹಾರಿಸಿದವರದೇ. ಮೇಷ್ಟ್ರಿಗೂ ಅದು ಗೊತ್ತಿತ್ತು. ಗೊತ್ತಿದ್ದರೂ ಎದೆಯೊಳಗೆ ಬೇರೊಂದು ಪ್ರಶ್ನೆ ಕೂತಿತ್ತು, ಅದಕ್ಕೆ ಉತ್ತರ ತಂದವನು ರಿಗ್‌ನಲ್ಲಿ ಕ್ರೇನ್ ನಡೆಸುವವನು.

ಅವನು ಬದುಕಿ ಬಂದವರಲ್ಲಿ ಒಬ್ಬ. ಭಾವನ ಹಿಂದಿನ ಕಿಟಕಿಯಲ್ಲಿ ಕೂತಿದ್ದವನು. ಗಾಯವಾದ ಭುಜದ ಪಟ್ಟಿ ಬಿಚ್ಚಿದ ಮೇಲೆ ಅಕ್ಕನನ್ನು ನೋಡಲು ಬಂದ. ಮೇಷ್ಟ್ರು ಅಲ್ಲೇ ಇದ್ದರು. ಅವರನ್ನು ಕಂಡ ಕೂಡಲೇ ಎದ್ದು ನಿಂತು, ನೀವು ಮುಳುಗಿಸಿದ್ದಕ್ಕೇ ನಾನು ಉಳಿದೆ ಎಂದು ಕಣ್ಣೀರು ಹಾಕಿದ. ಆಮೇಲೆ ಅಕ್ಕನ ಕಡೆ ತಿರುಗಿ ಹೇಳಿದ:

"ನಾನು ಆಚೆ ಬಂದಾಗ ಅವರ ಕಿಟಕಿ ತೆಗೆದಿತ್ತು. ಅವರು ಸೀಟಲ್ಲೇ ಇದ್ರು, ಬೆಲ್ಟ್ ಕೂಡ ಬಿಚ್ಚಿರಲಿಲ್ಲ. ಒಂದು ಕೈ ಕಿಟಕಿಯಿಂದ ಆಚೆ ಚಾಚಿದ್ರು. ಅಂಗೈ ಬಿಡಿಸಿಕೊಂಡು, ಸುಮ್ಮನೆ, ಗಾಬರಿ ಏನೂ ಇಲ್ಲದೆ. ನನಗೆ ಹೋಗು, ಮೇಲೆ ಹೋಗು ಅಂದ ಹಾಗಿತ್ತು. ನಾನು ಹೋಗಿಬಿಟ್ಟೆ ಅಮ್ಮಾ."

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅಷ್ಟು ದಿನ ಅತ್ತ ಅಳುವಿಗಿಂತ ಅದು ಬೇರೆ ಥರ ಇತ್ತು. ಮೇಷ್ಟ್ರು ಎದ್ದು ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟು ಅದರ ಕೆಳಗೆ ತಲೆ ಇಟ್ಟರು. ಆ ಕೈ ಯಾರನ್ನೂ ಮೇಲೆ ಕಳಿಸುತ್ತಿರಲಿಲ್ಲ. ಆ ಕೈ ಕಾಯುತ್ತಿತ್ತು. ಹೊರಗೆ ಮೇಷ್ಟ್ರು ಇದ್ದಾರೆ, ಈಗ ಹಿಡಿಯುತ್ತಾರೆ, ಈಗ ಒತ್ತುತ್ತಾರೆ ಎಂದು ಉಸಿರು ಇರುವವರೆಗೂ ಕಾದಿತ್ತು.

ಕ್ರೇನಿನವನ ಮಾತು ಬಾಯಿಂದ ಬಾಯಿಗೆ ಹೋಯಿತು. ಸಂತಾಪ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು, ತಾನು ಕೂತು ಬೇರೆಯವರಿಗೆ ದಾರಿ ಬಿಟ್ಟುಕೊಟ್ಟ ಮನುಷ್ಯ ಎಂದು ಹೊಗಳಿದರು. ಅಕ್ಕ ಬಿಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿದಳು. ಅನ್ನ ಸೇರದಿದ್ದವಳು ಅಂದಿನಿಂದ ಎರಡು ತುತ್ತು ಉಣ್ಣತೊಡಗಿದಳು. ಯಾರಾದರೂ ಬಂದರೆ ಆ ಕೈಯ ಕತೆಯನ್ನು ತಾನೇ ಹೇಳುತ್ತಿದ್ದಳು. ಬಚ್ಚಲಿನ ಬಾಗಿಲು ಮುಚ್ಚೋಕೂ ಹೆದರ್ತಿದ್ದ ಮನುಷ್ಯ ನೋಡಿ ಎಂದು ಅವಳು ಹೆಮ್ಮೆಯಿಂದ ಹೇಳುವಾಗ ಮೇಷ್ಟ್ರು ನೆಲ ನೋಡುತ್ತಿದ್ದರು. ಅವರು ನಿರ್ಧಾರ ಮಾಡಿಯಾಗಿತ್ತು. ಅಕ್ಕನಿಗೆ ಉಳಿದಿರುವುದು ಈ ಕತೆಯೊಂದೇ. ನಿಜ ಹೇಳಿದರೆ ತಮ್ಮ ತಪ್ಪು ಮಾತ್ರ ಹೊರಬೀಳುವುದಿಲ್ಲ. ಬಾಗಿಲಿಗೆ ಒರಗಿ ನಿಂತು ಅವಳು ಕೇಳಿಕೊಂಡಿದ್ದೂ ಎದ್ದು ಬರುತ್ತದೆ. ತಾವು ಎಷ್ಟು ಬೇಕಾದರೂ ಹೊರಬಹುದು, ಅವಳ ತಲೆಯ ಮೇಲೆ ಅದು ಬೀಳಬಾರದು. ಬಾಯಿಗೆ ಬೀಗ ಹಾಕಿಕೊಂಡರು.

ಕೊಳದಲ್ಲಿ ಮಾತ್ರ ಮೇಷ್ಟ್ರು ಬೇರೆ ಮನುಷ್ಯರಾದರು. ಈಗ ಅವರು ಯಾರನ್ನೂ ಬೇಗ ಮುಟ್ಟುತ್ತಿರಲಿಲ್ಲ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೀರಿನಲ್ಲಿ ನಿಲ್ಲುತ್ತಿದ್ದರು. ಒಳಗಿನವನು ಒದ್ದಾಡಿದರೂ, ಕಣ್ಣು ಮೇಲೆ ಮಾಡಿದರೂ, ಇನ್ನು ಆಗುವುದೇ ಇಲ್ಲ ಎನ್ನುವ ಕೊನೆಯ ಗಳಿಗೆಯವರೆಗೆ ಕಾಯುತ್ತಿದ್ದರು. ಮೇಲೆ ಬಂದವರು ಬೈಯುತ್ತಿದ್ದರು. ಭಾವ ಹೋದ ಮೇಲೆ ಮೇಷ್ಟ್ರ ಎದೆ ಕಲ್ಲಾಯಿತು ಎಂದು ಮಾತಾಡಿಕೊಂಡರು. ದೂರೂ ಹೋಯಿತು. ಮೇಷ್ಟ್ರು ಮತ್ತೊಮ್ಮೆ ಎಂದಷ್ಟೇ ಹೇಳಿ ಡಬ್ಬ ಎತ್ತಿಸುತ್ತಿದ್ದರು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಹೀಗೆ ಒಂದು ವರ್ಷ ತುಂಬುತ್ತ ಬಂದಾಗ, ಒಂದು ಮಧ್ಯಾಹ್ನ ಊಟ ಬಡಿಸುತ್ತ ಅಕ್ಕ ಒಂದು ಮಾತು ತೆಗೆದಳು. ಅವಳಿಗೆ ಡಬ್ಬದಲ್ಲಿ ಕೂರಬೇಕಂತೆ. ಒಂದೇ ಒಂದು ಸಲ ಮುಳುಗಬೇಕಂತೆ. ಮೇಷ್ಟ್ರ ಕೈಯ ತುತ್ತು ತಟ್ಟೆಗೇ ಬಿತ್ತು. ಹುಚ್ಚೇನಾದರೂ ಹಿಡಿಯಿತಾ, ಈ ವಯಸ್ಸಿನಲ್ಲಿ ಇದೆಂಥ ಹಟ ಎಂದು ಗದರಿದರು. ಅಕ್ಕ ಗದರಿಕೆಗೆ ಜಗ್ಗುವವಳಲ್ಲ. ಅವರನ್ನು ಗದರಿ ಬೆಳೆಸಿದವಳೇ ಅವಳು.

"ಕೊನೆಗೆ ಅವರ ಕಣ್ಣಿಗೆ ಏನು ಕಾಣ್ತು, ಅದನ್ನ ನಾನೂ ಒಂದು ಸಲ ನೋಡಬೇಕು," ಎಂದಳು. "ಮೂವತ್ತೈದು ವರ್ಷ ಜೊತೆಗೆ ಬದುಕಿದ್ದೀನಿ ಕಣೋ. ಅಷ್ಟೂ ಕೇಳಬಾರದಾ?"

ಮೇಷ್ಟ್ರು ವಾರಗಟ್ಟಲೆ ತಪ್ಪಿಸಿಕೊಂಡರು. ಕೊನೆಗೆ ಅವಳು ಮೋಟಾರು ನಡೆಸುವವರ ಹತ್ತಿರವೇ ಹೋಗಿ ಮಾತಾಡಿಬಂದಳು. ಅವರು ಹಳೆಯ ಗೆಳೆಯರು, ಭಾವನ ಬ್ರೆಡ್ಡು ತಿಂದವರು, ಕೊಳಕ್ಕೆ ರಜವಿದ್ದ ದಿನ ಬನ್ನಿ ಎಂದುಬಿಟ್ಟರು. ಡಬ್ಬ ನೋಡಿದರೆ ತಾನೇ ಹೆದರಿ ಹಿಂದೆ ಸರಿಯುತ್ತಾಳೆ ಎಂದು ಮೇಷ್ಟ್ರು ಕೊನೆಗೂ ಒಪ್ಪಿದರು.

ಅಕ್ಕ ಹೆದರಲಿಲ್ಲ. ಕಿತ್ತಳೆ ಬಣ್ಣದ ಸೂಟು ಅವಳಿಗೆ ಮೂರು ಪಾಲು ದೊಡ್ಡದಾಗಿತ್ತು, ಕೈಕಾಲಿನ ತುದಿಗಳನ್ನು ಮಡಚಿ ಮಡಚಿ ಏರಿಸಿದರು. ಹೆಲ್ಮೆಟ್ಟಿನ ಕೆಳಗೆ ಅವಳ ಮುಖ ಇಷ್ಟೇ ಇಷ್ಟು ಕಾಣುತ್ತಿತ್ತು. ನಿನ್ನ ಭಾವ ನೋಡಿದ್ದರೆ ನಗ್ತಿದ್ದರು ಎಂದಳು. ಕೊಳದ ಅಂಚಿನಲ್ಲಿ ಕುರ್ಚಿ ಹಾಕಿ ಮೇಷ್ಟ್ರು ಪಾಠ ಹೇಳಿದರು. ಒಂದು ಕೈ ಕಿಟಕಿಗೆ, ಒಂದು ಕೈ ಬೆಲ್ಟಿಗೆ. ಅವಳು ಶಾಲೆಗೆ ಸೇರಿದ ಹುಡುಗಿಯ ಹಾಗೆ ಮೂರು ಸಲ ಒಪ್ಪಿಸಿದಳು. ಯಾವ ಸೀಟು ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಲಬದಿಯ ಕಿಟಕಿಯ ಪಕ್ಕ ತಾನಾಗಿ ಹೋಗಿ ಕೂತಳು.

ಮೇಷ್ಟ್ರು ನೀರಿಗಿಳಿದು ಕಿಟಕಿಯ ಹೊರಗೆ ನಿಂತರು. ಒಂದು ವೇಳೆ ತಾವು ಕೈ ಹಿಡಿದು ಎಳೆದರೆ ಭಾವ ಕಾದದ್ದು ಯಾವ ಕೈಗೆ ಎಂದು ಅವಳಿಗೆ ಗೊತ್ತಾಗಿಬಿಡುತ್ತದೆ, ಜೀವಕ್ಕೆ ಬಂದರಷ್ಟೇ ಮುಟ್ಟಬೇಕು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡರು. ಡಬ್ಬ ಇಳಿಯಿತು. ಮಗುಚಿತು. ಎಲ್ಲ ಬೆಳ್ಳಗಾಯಿತು.

ಗುಳ್ಳೆಗಳು ಏರಿ ಹೋದಾಗ ಅಕ್ಕನ ಮುಖ ಕಂಡಿತು, ಕಣ್ಣು ಬಿಗಿಯಾಗಿ ಮುಚ್ಚಿತ್ತು. ಕಿಟಕಿಯ ಗಾಜು ಕಳಚಿ ಕೆಳಕ್ಕೆ ತೇಲಿತು. ಅದರ ಹಿಂದೆ ಅವಳ ಬಲಗೈ ಹೊರಗೆ ಬಂತು. ಅಂಗೈ ಬಿಡಿಸಿಕೊಂಡಿತ್ತು. ಅರೆಗಳಿಗೆ ಅದು ನೀರಿನಲ್ಲಿ ಹಾಗೇ ನಿಂತಿತು. ಮೇಷ್ಟ್ರ ಕೈ ಅವರನ್ನು ಕೇಳದೆಯೇ ಮುಂದೆ ಹೋಯಿತು. ಅವರು ಅದನ್ನು ಇನ್ನೊಂದು ಕೈಯಿಂದ ಹಿಡಿದು ಎದೆಗೆ ಒತ್ತಿಕೊಂಡರು. ಅಷ್ಟರಲ್ಲಿ ಅಕ್ಕನ ಬೆರಳುಗಳು ಮಡಚಿ ಚೌಕಟ್ಟನ್ನು ಹಿಡಿದವು. ಬೆಲ್ಟ್ ಬಿಚ್ಚಿಕೊಂಡಿತು. ಅವಳು ತಡವರಿಸುತ್ತ, ಮೊಣಕೈ ಬಡಿಸಿಕೊಳ್ಳುತ್ತ, ಕಿಟಕಿಯಿಂದ ತೂರಿ ಹೊರಗೆ ಬಂದು, ಸೂಟಿನ ಗಾಳಿಗೆ ತಾನಾಗಿ ಮೇಲೇರಿದಳು.

ಮೋಟಾರಿನವರು ಅವಳನ್ನು ಅಂಚಿಗೆ ಎಳೆದು ಕೂರಿಸಿ, ಚಹಾ ತರುತ್ತೇನೆಂದು ಹೋದರು. ಅಕ್ಕ ಕೆಮ್ಮಿದಳು, ಮೂಗು ಸೀಟಿದಳು, ಮೇಷ್ಟ್ರು ಹತ್ತಿ ಬಂದು ಪಕ್ಕದಲ್ಲಿ ಕೂತಾಗ ಬಂದುಬಿಟ್ಟೆ ಕಣೋ ಎಂದು ನಕ್ಕಳು. ಒಂದು ವರ್ಷದಲ್ಲಿ ಅವಳು ಹಾಗೆ ನಕ್ಕಿರಲಿಲ್ಲ. ನಗು ಮುಖದ ಮೇಲಿರುವಾಗಲೇ ಅವಳು ಡಬ್ಬದ ಕಡೆ ನೋಡಿದಳು. ನೋಡುತ್ತ ನೋಡುತ್ತ ನಗು ಆರಿತು. ಯಾವುದನ್ನು ಮುಚ್ಚಿಡಲು ಇಷ್ಟು ದಿನ ಉಸಿರು ಹಿಡಿದಿದ್ದರೋ ಅದರ ಬಾಗಿಲನ್ನು ತಾವೇ ತೆರೆದು ಅವಳನ್ನು ಒಳಗೆ ಕೂರಿಸಿದ್ದರು.

"ಕಿಟಕಿ ಪಕ್ಕದವರು ಆಚೆ ಬಂದರೆ ತಾನೇ ಪಕ್ಕದ ಸೀಟಿನವರಿಗೆ ದಾರಿ?" ಎಂದಳು ಅಕ್ಕ ನಿಧಾನವಾಗಿ.

ಮೇಷ್ಟ್ರು ಬೆನ್ನಿನ ಸಿಲಿಂಡರಿನ ಪಟ್ಟಿ ಬಿಚ್ಚತೊಡಗಿದರು.

"ಅವರು ಅಲ್ಲೇ ಕೂತಿದ್ದರೆ ಯಾರಿಗೆ ದಾರಿ ಬಿಟ್ಟ ಹಾಗಾಯ್ತು?" ಅವಳು ತನ್ನ ಬಲಗೈಯನ್ನು ಮುಂದೆ ಚಾಚಿ, ಅಂಗೈ ಬಿಡಿಸಿ, ಅದನ್ನೇ ನೋಡಿದಳು. "ನನಗೆ ಈಜೋಕೂ ಬರಲ್ಲ. ಒಂದೇ ಸಲಕ್ಕೆ ಬಂದೆ. ನೀನು ನನ್ನ ಮುಟ್ಟಲೇ ಇಲ್ಲ."

"ಇಲ್ಲ."

"ಅವರನ್ನ ಮುಟ್ತಿದ್ದೆ."

ಮೇಷ್ಟ್ರು ಹೌದೆಂದು ತಲೆ ಆಡಿಸಿದರು.

"ಮೊದಲನೇ ಸಲ ಮಾತ್ರ ಅಂದುಕೊಂಡಿದ್ದೆ. ಪ್ರತಿ ಸಲವೂ ಮುಟ್ತಿದ್ದೆಯಾ?"

"ಪ್ರತಿ ಸಲವೂ."

ಕೊಳದ ನೀರು ಅಂಚಿಗೆ ಬಡಿದು ಹಿಂದೆ ಹೋಗುತ್ತಿತ್ತು. ಅಕ್ಕ ಅಳಲಿಲ್ಲ. ಅತ್ತಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡು, ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಮೇಷ್ಟ್ರು ಅವಸರ ಅವಸರವಾಗಿ, ತಪ್ಪೆಲ್ಲ ನನ್ನದು, ಕಾನೂನು ಮಾಡಿದವನೂ ನಾನೇ ಮುರಿದವನೂ ನಾನೇ, ಕಲಿಸಿದ್ದರೆ ಅವರೂ ಕಲಿಯುತ್ತಿದ್ದರು, ನನಗೆ ತಾಳ್ಮೆ ಇರಲಿಲ್ಲ ಎಂದು ತೊದಲಿದರು. ಅಕ್ಕ ಕೇಳಿಸಿಕೊಳ್ಳುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ.

"ನಾನು ಹೇಳಿದ್ದಕ್ಕೆ ಮಾಡಿದೆ ನೀನು," ಎಂದಳು ಕೊನೆಗೆ.

"ನೀನೆಲ್ಲಿ ಹೇಳಿದ್ದೆ? ನನಗೆ ಅಂಥದ್ದೇನೂ ನೆನಪಿಲ್ಲ ಅಕ್ಕ."

ಅವಳು ಅವರ ಮುಖ ನೋಡಿದಳು. ಜ್ವರ ಬಂದಾಗ, ಸುಳ್ಳು ಹೇಳಿದಾಗ, ಚಿಕ್ಕಂದಿನಲ್ಲಿ ನೋಡುತ್ತಿದ್ದ ಹಾಗೆಯೇ ನೋಡಿದಳು.

"ನನಗೆ ನೆನಪಿದೆ," ಎಂದಳು.

ಚಹಾ ತರಲು ಹೋದವರು ಇನ್ನೂ ಬಂದಿರಲಿಲ್ಲ. ಅಕ್ಕ ಏಳಲು ನೋಡಿದಳು. ನೀರು ಕುಡಿದ ಸೂಟಿನ ಭಾರಕ್ಕೆ ಮಂಡಿ ಏಳಲಿಲ್ಲ, ಮತ್ತೆ ಕೂತಳು. ತಮ್ಮನ ಕಡೆ ನೋಡದೆ ಬಲಗೈ ಚಾಚಿ, ಎಬ್ಬಿಸು ಎಂದಳು. ಮೇಷ್ಟ್ರು ಎದ್ದು ನಿಂತು ಆ ಕೈಯನ್ನು ಹಿಡಿದುಕೊಂಡರು. ಅದು ತಣ್ಣಗಿತ್ತು. ಅವಳು ಎದ್ದು ನಿಂತ ಮೇಲೂ ಅದನ್ನು ಬಿಡುವುದು ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲ.